ಅರ್ಧ ಕೇಳಿದವರ ಪೂರ್ಣ ಅಭಿಪ್ರಾಯಗಳು

ಮೊನ್ನೆ ಅಂಗಡಿಗೆ ಸುಣ್ಣ ಬಳಿಸಲೆಂದು ಕಪಾಟನ್ನು ಗೋಡೆಯಿಂದ ಸರಿಸಿದಾಗ ಅದರ ಹಿಂದಿನಿಂದ ಒಂದು ಕಂಬಿ ಜಾರಿ ಬಿತ್ತು. ಅದಕ್ಕೆ ಹತ್ತೊಂಬತ್ತು ಚೀಟಿಗಳನ್ನು ಚುಚ್ಚಿಟ್ಟಿದ್ದೆ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ನಾಲ್ಕಾಗಿ ಹರಿದು ಮಾಡಿದ ಚೀಟಿಗಳು. ಒಂದು ಮಗ್ಗುಲಲ್ಲಿ ರಾಹುಕಾಲ, ಇನ್ನೊಂದು ಮಗ್ಗುಲಲ್ಲಿ ಸಂಗೀತ ವಿಮರ್ಶೆ. ಕೆಲವುಗಳ ಮೇಲೆ ವಡೆಯ ಎಣ್ಣೆ ಇಳಿದು ಎರಡೂ ಒಂದರೊಳಗೊಂದು ಕಾಣಿಸುತ್ತಿವೆ. “ಸೌಂಡು ಸಾಕಷ್ಟಿದೆ, ಹಾಡು ಇನ್ನೊಂದಿಷ್ಟು ಬೇಕಿತ್ತು” ಎಂದು ಒಬ್ಬರು ಬರೆದಿದ್ದಾರೆ. “ಚೆನ್ನಾಗಿದೆ, ಆದರೆ ಯಾಕೆ?” ಎಂದು ಇನ್ನೊಬ್ಬರು. “ಇವರ ಮೊದಲ ಆಲ್ಬಮ್ಮೇ ವಾಸಿ” ಎಂದು ಬರೆದ ಮಹನೀಯರು ಚೀಟಿಯನ್ನು ನನ್ನ ಕೈಗಿತ್ತ ಮೇಲೆ, “ಅಂದಹಾಗೆ, ಇವರದು ಮೊದಲನೆಯದು ಯಾವುದು?” ಎಂದು ವಿಚಾರಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಸುಣ್ಣದವನನ್ನು ಅರ್ಧ ಗಂಟೆ ಕಾಯಿಸಿ ಎಲ್ಲವನ್ನೂ ಓದಿದೆ. ಈ ಚೀಟಿಗಳಲ್ಲಿ ಒಂದನ್ನುಳಿದು ಪ್ರತಿಯೊಂದು ಅಭಿಪ್ರಾಯವೂ ಪ್ರಾಮಾಣಿಕವಾದದ್ದು, ಮತ್ತು ಪ್ರತಿಯೊಂದೂ ತಪ್ಪು. ತಪ್ಪಿಗೆ ಕಾರಣ ಬರೆದವರಲ್ಲ. ಅದನ್ನು ನಿಮಗೆ ಹೇಳುವುದರಲ್ಲಿ ನನಗೆ ಈಗ ಸಂಕೋಚವಿಲ್ಲ; ಹೋದ ವರ್ಷ ಇತ್ತು.

ನನ್ನ ಪರಿಚಯ ಮೊದಲು ಹೇಳಿಬಿಡುತ್ತೇನೆ. ಮದ್ದೂರಿನ ಎಳನೀರು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನನ್ನ ಮೈಕ್‌ಸೆಟ್ ಅಂಗಡಿ. ಏಳನೆಯ ತರಗತಿಗೆ ಶಾಲೆ ನನ್ನನ್ನು ಬಿಟ್ಟಿತು. ಉಳಿದ ವಿದ್ಯೆಯನ್ನು ನಾನು ಬೇಳೆಬೆಲ್ಲ ಕಟ್ಟಿಕೊಟ್ಟ ಹಾಳೆಗಳಿಂದಲೂ, ಆಮೇಲೆ ಗ್ರಂಥಾಲಯದಿಂದಲೂ ಸಂಪಾದಿಸಿದೆ. ಪೊಟ್ಟಣದ ಹಾಳೆಯಲ್ಲಿ ಓದಿದವನಿಗೆ ಒಂದು ಅಭ್ಯಾಸ ಬರುತ್ತದೆ. ಸುದ್ದಿ ಅರ್ಧಕ್ಕೆ ಹರಿದಿರುತ್ತದೆ. ಮುಂದಿನದನ್ನು ತಾನೇ ಹೋಗಿ ವಿಚಾರಿಸಬೇಕು. ಹೀಗೆ ವಿಚಾರಿಸುತ್ತ ವಿಚಾರಿಸುತ್ತ, ಯಾರೇನು ಹೇಳಿದರೂ “ನೀವು ನೋಡಿದಿರಾ?” ಎಂದು ಕೇಳುವ ಕಾಯಿಲೆ ನನಗೆ ಅಂಟಿಕೊಂಡಿತು. ನಮ್ಮ ಬಂಧುಗಳ ಮನೆಗಳಲ್ಲಿ ನನ್ನನ್ನು ಶುಭಕಾರ್ಯಕ್ಕೆ ಕರೆಯುವುದು ಕಡ್ಡಾಯ, ಮಾತಿಗೆ ಕರೆಯುವುದು ಐಚ್ಛಿಕ.

ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನನ್ನ ಗುರುಗಳ ಬಗ್ಗೆ ಊರಲ್ಲಿ ಒಂದು ಪ್ರತೀತಿಯಿತ್ತು. ಅವರು ಮಳವಳ್ಳಿಯ ಕಡೆ ಒಂದು ಮದುವೆಗೆ ಹಾರ್ನು ಕಟ್ಟಿದರೆ ಏಳು ಊರಿಗೆ ಹಾಡು ಕೇಳಿಸುತ್ತದಂತೆ. ಗುರುಗಳು ಇದನ್ನು ನಿರಾಕರಿಸುತ್ತಿರಲಿಲ್ಲ. ಒಮ್ಮೆ ಹಾರ್ನು ಕಟ್ಟಿ ಹಾಡು ಹಚ್ಚಿದೊಡನೆ ನಾನು ಅವರಿಗೆ ಹೇಳದೆ ಸೈಕಲ್ಲು ಹತ್ತಿ ಊರೂರು ತಿರುಗಿದೆ. ಎರಡನೆಯ ಊರಿನವರೆಗೆ ಸ್ಪಷ್ಟವಾಗಿ ಕೇಳಿಸಿತು. ಮೂರನೆಯದರಲ್ಲಿ ಗಾಳಿ ಒಪ್ಪಿದಾಗ ಮಾತ್ರ. ನಾಲ್ಕನೆಯ ಊರಿನ ಅರಳಿಕಟ್ಟೆಯಲ್ಲಿ ನನಗೆ ನನ್ನ ಉಸಿರಿನ ಹೊರತು ಬೇರೇನೂ ಕೇಳಿಸಲಿಲ್ಲ. ಅಲ್ಲಿ ಕುಳಿತಿದ್ದ ಹಿರಿಯರೊಬ್ಬರನ್ನು ಕೇಳಿದೆ.

“ಕೇಳುಸ್ತಾ ಅದೆ ಕಣಪ್ಪ, ಬಲ್ ಚೆಂದಾಗಿ ಕೇಳುಸ್ತಾ ಅದೆ,” ಎಂದರು. “ನೆನ್ನೆಯಿಂದ್ಲೂ ಕೇಳುಸ್ತಾನೇ ಅದೆ.”

ಹಾರ್ನು ಕಟ್ಟಿದ್ದು ಅಂದು ಬೆಳಿಗ್ಗೆ. ಜನ ಕಿವಿಯಿಂದ ಕೇಳುವುದಕ್ಕಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ ಕೇಳುತ್ತಾರೆ ಎಂಬುದು ಅಂದಿನಿಂದ ನನ್ನ ಸಿದ್ಧಾಂತ. ಸಿದ್ಧಾಂತವೊಂದಿದ್ದರೆ ಮನುಷ್ಯನಿಗೆ ಎಷ್ಟು ಧೈರ್ಯ ಬರುತ್ತದೆ ಎಂಬುದನ್ನು ಮುಂದೆ ನೋಡುವಿರಂತೆ.

ಪುಟ್ಟಲಕ್ಷ್ಮಿ ನನ್ನ ಅಂಗಡಿಗೆ ಮೊದಲು ಬಂದದ್ದು ಒಂದು ಆಂಪ್ಲಿಫೈಯರಿನ ದುರಸ್ತಿಗೆ. ವಿ.ಸಿ. ಫಾರಂ ಎಂಬ ಕೃಷಿ ಕೇಂದ್ರದ ಪ್ರಯೋಗಾಲಯದಲ್ಲಿ ಬಿತ್ತನೆ ಕಾಳುಗಳನ್ನು ತಟ್ಟೆಯಲ್ಲಿಟ್ಟು, ಎಷ್ಟು ಮೊಳೆತವು, ಎಷ್ಟು ಮೊಳೆಯಲಿಲ್ಲ ಎಂದು ನೋಡುವುದು ಆಕೆಯ ಉದ್ಯೋಗ. ನಲವತ್ತು ದಾಟಿದ ಹೆಂಗಸು, ಹೆಗಲಲ್ಲಿ ಬೇಸ್ ಗಿಟಾರು. ಜತೆಗೆ ಸಿದ್ದರಾಜು ಎಂಬ ಗೆಳೆಯ. ಕೊಪ್ಪದ ಡೇರಿಯಲ್ಲಿ ಹಾಲಿನ ಗಟ್ಟಿತನ ಪರೀಕ್ಷಿಸುವವನು, ಸಂಜೆಯ ಹಾಲು ಮುಗಿದ ಮೇಲೆ ಗಿಟಾರು ನುಡಿಸುವವನು. ಮಳವಳ್ಳಿಯ ಒಬ್ಬ ವ್ಯಾಯಾಮದ ಮೇಷ್ಟರು ಇವರಿಗೆ ಡ್ರಮ್ ಬಾರಿಸುತ್ತಾರೆ. ಈ ಮೂವರ ತಂಡದ ಹೆಸರು ‘ಮೂರನೇ ತೂಬು’. ಹದಿನೈದು ವರ್ಷದಲ್ಲಿ ಎರಡು ಆಲ್ಬಮ್ ಮಾಡಿದ್ದರು. ಕೇಳಿದವರು ಅವರನ್ನು ತಲೆಯ ಮೇಲಿಟ್ಟುಕೊಂಡಿದ್ದರು. ಕೇಳದವರು ಇಡೀ ಜಿಲ್ಲೆಯಲ್ಲಿ ಹರಡಿಕೊಂಡಿದ್ದರು.

“ನಿಮ್ಮದು ಯಾವ ಬಗೆಯ ಸಂಗೀತ?” ಎಂದು ನಾನು ಮೊದಲ ದಿನವೇ ಕೇಳಿದ್ದೆ.

“ಆಲ್ಟರ್ನೇಟಿವ್ ರಾಕ್, ಸಾ,” ಎಂದ ಸಿದ್ದರಾಜು.

“ಹಾಗೆಂದರೆ?”

“ರಾಕೇ ಸಾ. ಆದ್ರೆ ಎಲ್ರೂ ಕೇಳೋ ರಾಕಲ್ಲ.”

“ಮತ್ತೆ ಯಾರು ಕೇಳುವ ರಾಕು?”

“ಯಾರೂ ಕೇಳಲ್ಲ ಸಾ. ಅದ್ಕೇ ಆಲ್ಟರ್ನೇಟಿವ್.”

ಇಷ್ಟು ಖಚಿತವಾದ ವ್ಯಾಖ್ಯೆಯನ್ನು ನಾನು ಯಾವ ಗ್ರಂಥದಲ್ಲಿಯೂ ಓದಿರಲಿಲ್ಲ. ಅವರ ಹಾಡುಗಳನ್ನು ಬೆಸುಗೆ ಹಾಕುತ್ತ ಮೂರು ಸಲ ಕೇಳಿದೆ, ಏನೂ ಅನ್ನಿಸಲಿಲ್ಲ. ನಾಲ್ಕನೆಯ ಸಲ, ಕಾದ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡು ಬೆಸುಗೆ ಹಾಕುವುದನ್ನೇ ಮರೆತು ಕುಳಿತಿದ್ದೇನೆಂಬುದು ಗಮನಕ್ಕೆ ಬಂತು. ಅಲ್ಲಿಂದ ನಾನು ಅವರ ಪಕ್ಷ.

ಹೋದ ವರ್ಷ ಅವರ ಮೂರನೆಯ ಆಲ್ಬಮ್ ಸಿದ್ಧವಾಯಿತು. ‘ಎದುರು ದಂಡೆ’ ಎಂದು ಹೆಸರು. ಮುಂದಿನ ಶುಕ್ರವಾರ ಅದನ್ನು ಮೊಬೈಲಿನಲ್ಲಿ ಎಲ್ಲರೂ ಕೇಳುವಂತೆ ಬಿಡುಗಡೆ ಮಾಡುವುದೆಂದು ತೀರ್ಮಾನವಾಗಿತ್ತು. ಆ ಹೊತ್ತಿಗೆ ಇಬ್ಬರೂ ಮುಖ ಗಂಟಿಕ್ಕಿಕೊಂಡು ನನ್ನಲ್ಲಿಗೆ ಬಂದರು. ಆಲ್ಬಮ್ಮಿನಲ್ಲಿ ಒಂದು ಅಂಶವಿದೆ, ಅದು ಇರಬೇಕೆಂದು ಪುಟ್ಟಲಕ್ಷ್ಮಿ, ಇರಬಾರದೆಂದು ಸಿದ್ದರಾಜು; ಕೇಳುಗರಿಂದಲೇ ತೀರ್ಮಾನವಾಗಲಿ; ಆದರೆ ಅದೇನೆಂಬುದನ್ನು ಕೇಳುಗರಿಗೂ ನನಗೂ ಹೇಳುವುದಿಲ್ಲ, ತಾವಾಗಿಯೇ ಗುರುತಿಸಿ ಮೆಚ್ಚಿದರೆ ಮೆಚ್ಚಿದಂತೆ ಎಂದರು.

ನನಗೆ ಅಂದು ಹೇಳದಿದ್ದುದನ್ನು ನಿಮಗೆ ಇಂದು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆ ಅಂಶ ಪುಟ್ಟಲಕ್ಷ್ಮಿಯ ತಾಯಿಯ ಧ್ವನಿ. ಚಿಕ್ಕತಾಯಮ್ಮ ಮಳವಳ್ಳಿ ದಾರಿಯ ಒಂದು ಹಳ್ಳಿಯವರು. ಪ್ರಾಯದಲ್ಲಿ ಸೋಬಾನೆ ಪದಕ್ಕೆ ಸುತ್ತಲಿನ ಊರುಗಳಿಂದ ಅವರಿಗೆ ಕರೆ ಬರುತ್ತಿತ್ತು. ಆಲ್ಬಮ್ಮಿನ ಎಂಟು ಹಾಡುಗಳಲ್ಲಿಯೂ ಮಗಳು ಒಂದು ಸಾಲು ಕೇಳುತ್ತಾಳೆ, ತಾಯಿ ಒಂದು ಸಾಲಿನಲ್ಲಿ ಉತ್ತರ ಕೊಡುತ್ತಾಳೆ. ಈ ಧ್ವನಿ ಇದ್ದರೆ ತಮ್ಮನ್ನು ಜಾನಪದದವರ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿ ಕಳುಹಿಸಿಬಿಡುತ್ತಾರೆ, ಹದಿನೈದು ವರ್ಷ ಕಟ್ಟಿದ್ದು ಹೋಯಿತು ಎಂಬುದು ಸಿದ್ದರಾಜುವಿನ ಭಯ. ಭಯ ಆಧಾರವಿಲ್ಲದ್ದೇನೂ ಅಲ್ಲ. ಕೇಳುಗರು ತಾಯಿಯ ಧ್ವನಿಯನ್ನು ಒಪ್ಪದಿದ್ದರೆ ಅದನ್ನು ಪೂರ್ತಿ ತೆಗೆದು, ಉತ್ತರಗಳನ್ನೂ ತಾನೇ ಹಾಡಿಬಿಡುವುದಾಗಿ ಪುಟ್ಟಲಕ್ಷ್ಮಿ ಮಾತು ಕೊಟ್ಟಿದ್ದಳು.

ಕೇಳುಗರ ಸಭೆಯನ್ನು ನಾನು ವಹಿಸಿಕೊಂಡೆ. ಸಿದ್ಧಾಂತ ಉಳ್ಳವನಾದ್ದರಿಂದ ಮೂರು ನಿಬಂಧನೆಗಳನ್ನು ವಿಧಿಸಿದೆ. ಹಾಡಿದವರು ಸಭೆಯಲ್ಲಿ ಇರಕೂಡದು. ಎದುರಿಗಿದ್ದರೆ ಜನ ದಾಕ್ಷಿಣ್ಯಕ್ಕೆ ಸುಳ್ಳು ಹೇಳುತ್ತಾರೆ. ಹಾಡಿನ ಬಗ್ಗೆ ಮುಂಚಿತವಾಗಿ ಯಾರಿಗೂ ಏನೂ ಹೇಳಕೂಡದು. ಅಭಿಪ್ರಾಯ ಬರೆದುಕೊಟ್ಟ ಮೇಲೆಯೇ ವಡೆ ಕೊಡತಕ್ಕದ್ದು. ಮೂರನೆಯದನ್ನು ಪಾಲಿಸುವುದು ಮದ್ದೂರಿನಲ್ಲಿ ಸಾಧ್ಯವಾಗಲಿಲ್ಲ. ಮೊದಲ ಎರಡನ್ನು ನಾನು ಕಟ್ಟುನಿಟ್ಟಾಗಿ ಪಾಲಿಸಿದೆ. ಅನಾಹುತ ಆದದ್ದು ಅವುಗಳಿಂದಲೇ.

ಭಾನುವಾರ ಮಧ್ಯಾಹ್ನ ಅಂಗಡಿಯ ಮುಂಗಟ್ಟಿನಲ್ಲಿ ಹತ್ತೊಂಬತ್ತು ಮಂದಿ ಸೇರಿದರು. ಎಳನೀರು ವ್ಯಾಪಾರದ ಬೋರೇಗೌಡ ಗಾಡಿಗೆ ಕಾಯಿ ತುಂಬಿಸಿ ನೇರ ಅಲ್ಲಿಗೇ ಬಂದಿದ್ದ. ಮಂಡ್ಯದಿಂದ ನಿವೃತ್ತ ಅಧ್ಯಾಪಕ ನಂಜುಂಡಯ್ಯನವರು ಇಸ್ತ್ರಿ ಮಾಡಿದ ಜುಬ್ಬದಲ್ಲಿ ರೈಲಿಳಿದು ಬಂದಿದ್ದರು. ಬಾಗಿಲ ಬಳಿ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ವಯಸ್ಸಾದ ಹೆಂಗಸು ಕುಳಿತಿದ್ದರು. ಬೋರೇಗೌಡನ ಕಡೆಯವರಿರಬೇಕೆಂದು ನಾನು ತಿಳಿದೆ. ನನ್ನ ಕಡೆಯವರಿರಬೇಕೆಂದು ಬೋರೇಗೌಡ ತಿಳಿದನಂತೆ.

ಹೊಸ ಆಲ್ಬಮ್ಮಿಗೆ, ಮೊಬೈಲಿನಿಂದ ಸ್ಪೀಕರ್ ಡಬ್ಬಕ್ಕೆ ಹಾಡು ಒಯ್ಯುವ ತಂತಿಯೂ ಹೊಸದೇ ಇರಲೆಂದು ಮಂಡ್ಯದಿಂದ ತರಿಸಿದ್ದೆ. ಅದಕ್ಕೆ ಕೆಂಪು, ಬಿಳಿ ಎಂದು ಎರಡು ತಲೆ. ಎಂದಿನಂತೆ ಕೆಂಪು ತಲೆಯನ್ನು ಕತ್ತರಿಸಿ, ತುದಿಗೆ ಟೇಪು ಸುತ್ತಿ, ಬಿಳಿಯದನ್ನು ಡಬ್ಬಕ್ಕೆ ಸಿಕ್ಕಿಸಿದೆ. ಈ ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ. ನಾನು ಅದನ್ನು ಮಾಡುವಾಗ ಇಷ್ಟು ಗಮನವನ್ನೂ ಕೊಟ್ಟಿರಲಿಲ್ಲ.

ಹಾಡು ಶುರುವಾಯಿತು. ಡ್ರಮ್ಮು, ಗಿಟಾರು ಚೆನ್ನಾಗಿ ಏರಿ ಬಂದವು. ಪುಟ್ಟಲಕ್ಷ್ಮಿಯ ಧ್ವನಿ ಕೇಳಿತು: “ಮೇಲಿನೂರಿನ ದೀಪ ಹತ್ತಿತೇನೆ?” ಆಮೇಲೆ ಒಂದು ಸಾಲಿನಷ್ಟು ಹೊತ್ತು ಬರೀ ವಾದ್ಯ. ಮತ್ತೆ ಒಂದು ಪ್ರಶ್ನೆ. ಮತ್ತೆ ಬರೀ ವಾದ್ಯ. ಎರಡನೆಯ ಹಾಡು, ಮೂರನೆಯ ಹಾಡು, ಎಲ್ಲದರಲ್ಲಿಯೂ ಇದೇ ಕ್ರಮ.

ಬೋರೇಗೌಡನಿಗೆ ತಡೆಯಲಾಗಲಿಲ್ಲ. “ಇದೇನ್ ಸಾಮಿ ಇದು? ಆ ಎಣ್ಮಗ್ಳು ಕೇಳೀ ಕೇಳೀ ಸಾಯ್ತಾ ಅವ್ಳೆ, ಒಬ್ರಾರ ಓಗೊಡ್ಬಾರ್ದಾ?”

“ಓಗೊಡಬಾರದು ಗೌಡರೆ, ಅದೇ ಇದರ ಸೊಗಸು,” ಎಂದರು ನಂಜುಂಡಯ್ಯನವರು ಕಣ್ಣುಮುಚ್ಚಿಕೊಂಡೇ. “ಪ್ರಶ್ನೆಯಿದೆ, ಉತ್ತರವಿಲ್ಲ. ಆಧುನಿಕ ಮನುಷ್ಯನ ಪಾಡು ಇದು. ಆ ಖಾಲಿ ಜಾಗದಲ್ಲಿ ನಿಮಗೆ ಏನೂ ಕೇಳಿಸುತ್ತಿಲ್ಲವೆ?”

“ಫ್ಯಾನ್ ಸದ್ದು ಕೇಳುಸ್ತಾ ಅದೆ.”

“ಅದೂ ಅದರ ಭಾಗವೇ.”

“ಅಂಗಾರೆ ಕರೆಂಟ್ ಓದ್ರೆ ಆಡು ಅರ್ಧ ಆಯ್ತದೆ ಅನ್ನಿ!”

ಎಲ್ಲರೂ ನಕ್ಕರು. ಬಾಗಿಲ ಬಳಿಯ ಹೆಂಗಸು ನಗಲಿಲ್ಲ. ಮೊದಲ ಹಾಡಿಗೆ ಅವರು ಮುಂದೆ ಬಾಗಿ ಕುಳಿತಿದ್ದರು. ಮೂರನೆಯದರ ಹೊತ್ತಿಗೆ ಡಬ್ಬವನ್ನೇ ದಿಟ್ಟಿಸುತ್ತಿದ್ದರು. ವಾದ್ಯ ಮಾತ್ರ ನುಡಿಯುವ ಜಾಗ ಬಂದಾಗಲೆಲ್ಲ ಅವರ ತುಟಿ ಅಲ್ಲಾಡುತ್ತಿತ್ತು. ಎಲೆಯಡಿಕೆ ಅಗಿಯುತ್ತಿದ್ದಾರೆಂದುಕೊಂಡೆ. ಪರೀಕ್ಷಿಸದೆ ಯಾವುದನ್ನೂ ನಂಬದ ಮನುಷ್ಯ ನಾನು!

ಕೊನೆಗೆ ಚೀಟಿ ಹಂಚಿದೆ. ಆಕೆ ಚೀಟಿಯನ್ನು ಹಿಂದಿರುಗಿಸಿ, “ನಂಗೆ ಬರ್ಯಕ್ ಬರಾಕಿಲ್ಲ ಕಣಪ್ಪ,” ಎಂದರು.

“ಬಾಯಲ್ಲಿಯೇ ಹೇಳಿ, ನಾನು ಬರೆದುಕೊಳ್ಳುತ್ತೇನೆ.”

“ಕೇಳೋಳು ಚೆಂದಾಗಿ ಕೇಳವ್ಳೆ. ಯೋಳೋಳ್ನ ತೆಗುದಾಕವ್ರೆ.” ಚೀಲವನ್ನು ಎತ್ತಿಕೊಂಡು, “ತೆಗುದ್ರೆ ತೆಗೀಲಿ ಬುಡಪ್ಪ,” ಎಂದು ಎದ್ದರು. ವಡೆಯನ್ನು ಮುಟ್ಟದೆ, ಮಳವಳ್ಳಿ ಬಸ್ಸಿಗೆ ಹೊತ್ತಾಯಿತೆಂದು ನಡೆದುಬಿಟ್ಟರು.

ನನಗೆ ಆ ಮಾತಿನ ತಲೆಬುಡ ಹರಿಯಲಿಲ್ಲ. ವಯಸ್ಸಾದವರ ಗೊಣಗೆಂದು ಭಾವಿಸಿ ಅವರ ಚೀಟಿಯಲ್ಲಿ ನನ್ನ ಕೈಯಾರೆ “ಚೆನ್ನಾಗಿದೆ” ಎಂದು ಬರೆದೆ. ಬೇರೆಯವರ ಬಾಯಿಯ ಮಾತನ್ನು ತಿದ್ದಿ ಬರೆಯುವವರ ಮೇಲೆ ನಾನು ಪತ್ರಿಕೆಗಳಿಗೆ ಎಷ್ಟು ಕಾಗದ ಬರೆದಿದ್ದೇನೆಂಬುದನ್ನು ಇಲ್ಲಿ ನೆನೆಯುವುದು ಬೇಡ.

ಸಂಜೆ ಪುಟ್ಟಲಕ್ಷ್ಮಿ, ಸಿದ್ದರಾಜು ಬಂದರು. ಆಕೆ ಚೀಟಿಗಳನ್ನು, ಮೊಳೆತ ಕಾಳನ್ನೂ ಮೊಳೆಯದ ಕಾಳನ್ನೂ ಬೇರ್ಪಡಿಸುವಂತೆ, ಒಂದೊಂದಾಗಿ ಮೇಜಿನ ಮೇಲಿಟ್ಟು ಓದಿದಳು. ಎಲ್ಲ ಮುಗಿದ ಮೇಲೆ ಮೊದಲಿನಿಂದ ಇನ್ನೊಮ್ಮೆ ಓದಿದಳು.

“ಒಬ್ರೂ ಬರ್ದಿಲ್ವಲ್ಲ ಸಾ,” ಎಂದಳು. “ಬೈದಾದ್ರೂ ಬರೀಬೋದಿತ್ತು. ಇದ್ದುದ್ದೇ ಗೊತ್ತಾಗ್ನಿಲ್ಲ ಅನ್ನಂಗೆ ಬರ್ದವ್ರೆ. ‘ಖಾಲಿ ಖಾಲಿ’ ಅಂತವ್ರೆ.”

ಪಂದ್ಯ ಗೆದ್ದ ಸಿದ್ದರಾಜು ಗೆದ್ದವನಂತೆ ಕಾಣಲಿಲ್ಲ. “ಓಗ್ಲಿ ಬುಡಕ್ಕ,” ಎಂದು ನೆಲ ನೋಡಿದ.

“ಬುಡದೇನು? ತೆಗುದಾಕದೇ. ಬುಧವಾರ ನಾನೇ ಆಡ್ಬುಡ್ತೀನಿ.” ಆಕೆಯ ಧ್ವನಿ ಗಟ್ಟಿಯಾಗಿಯೇ ಇತ್ತು. “ಅವ್ವಂಗೆ ಏನಂತ ಯೋಳ್ಲಿ? ಎರಡ್ ತಿಂಗ್ಳು ಬಿಸ್ಲಲ್ಲಿ ಬಸ್ಸತ್ತಿ ಬಂದು ಆಡವ್ಳೆ.”

“ಯಾವ ಅವ್ವ?” ಎಂದೆ ನಾನು.

ವಿಷಯ ನನಗೆ ತಿಳಿದದ್ದು ಆಗ. ತಿಳಿದೊಡನೆ ವಾದಕ್ಕಿಳಿದೆ. ಎಂಟು ಹಾಡುಗಳನ್ನೂ ನಾನೇ ಕುಳಿತು ಕೇಳಿದ್ದೇನೆ. ಅದರಲ್ಲಿ ಎರಡನೆಯ ಹೆಂಗಸಿನ ಧ್ವನಿ ಇಲ್ಲ. ನೀವು ಯಾವುದೋ ಬೇರೆ ಪ್ರತಿಯನ್ನು ತಂದುಕೊಟ್ಟಿರಬೇಕು ಎಂದು ಮೇಜು ಕುಟ್ಟಿದೆ. ಪುಟ್ಟಲಕ್ಷ್ಮಿ ತನ್ನ ಇಯರ್‌ಫೋನನ್ನು ತೆಗೆದು ನನ್ನ ಎರಡೂ ಕಿವಿಗೆ ತಾನೇ ಸಿಕ್ಕಿಸಿದಳು.

ಎಡಗಿವಿಯಲ್ಲಿ ಮಗಳು: “ಮೇಲಿನೂರಿನ ದೀಪ ಹತ್ತಿತೇನೆ?”

ಬಲಗಿವಿಯಲ್ಲಿ, ಇಷ್ಟು ಹತ್ತಿರದಲ್ಲಿ, ಎಲೆಯಡಿಕೆಯ ವಾಸನೆಯೂ ಬಂತೇನೋ ಎನ್ನುವ ಹಾಗೆ, ಒಂದು ಒರಟು ಮುದಿಗಂಟಲು: “ಹತ್ತಿತು ಕಣವ್ವ, ಎಣ್ಣೆ ನಿಂದೇ.”

ನಾನು ತಲೆಯನ್ನು ಬಲಕ್ಕೆ ತಿರುಗಿಸಿ ನೋಡಿದೆ. ಅಲ್ಲಿ ಕ್ಯಾಲೆಂಡರು ಇತ್ತು.

ಎಂಟು ವರ್ಷದವನಾಗಿದ್ದಾಗ ಅತ್ತೆಯ ಮದುವೆಯ ಚಪ್ಪರದಲ್ಲಿ ನಾನು ಹೀಗೆಯೇ ತಲೆ ತಿರುಗಿಸುತ್ತಿದ್ದೆ. ಈಚೆಗೆ ಹೆಣ್ಣಿನ ಕಡೆಯ ಹೆಂಗಸರು, ಆಚೆಗೆ ಗಂಡಿನ ಕಡೆಯವರು, ನಡುವೆ ಚಾಪೆಯ ಮೇಲೆ ಕೈಯಲ್ಲಿ ಬಾಳೆಹಣ್ಣು ಹಿಡಿದು ನಾನು. ಈ ಸಾಲಿನವರು ಒಂದು ಸೋಬಾನೆ ಪದ ಎಸೆದರೆ ಆ ಸಾಲಿನವರು ಒಂದು ಎಸೆಯುವರು. ಆಚೆಯ ಅಜ್ಜಿಯೊಬ್ಬಳು ನಮ್ಮವರ ಕೋಸಂಬರಿಯ ಉಪ್ಪನ್ನು ಪದದಲ್ಲಿ ಆಡಿಕೊಂಡದ್ದಕ್ಕೆ, ನಮ್ಮ ದೊಡ್ಡಮ್ಮ ಅವರ ಮದುವಣಿಗನ ಮೂಗನ್ನು ಅದೇ ಮಟ್ಟಿನಲ್ಲಿ ಅಳೆದುಕೊಟ್ಟಳು. ಎರಡು ಕಡೆ ನೋಡಿ ನೋಡಿ ನನ್ನ ಕತ್ತಿಗೆ ನೋವು ಬಂದು ಮರುದಿನ ಹರಳೆಣ್ಣೆ ತಿಕ್ಕಿಸಿಕೊಂಡಿದ್ದೆ. ಪುಟ್ಟಲಕ್ಷ್ಮಿ ಆ ಚಪ್ಪರವನ್ನೇ ಕೇಳುಗನ ತಲೆಯ ಎರಡು ಬದಿಗೆ ಕಟ್ಟಿದ್ದಳು. ಮಗಳು ಎಡದಂಡೆ, ತಾಯಿ ಬಲದಂಡೆ, ವಾದ್ಯಗಳು ಎರಡೂ ಕಡೆ. ನಾನು ಬಲದಂಡೆಗೆ ಹೋಗುವ ಕೆಂಪು ತಲೆಯನ್ನು ಕತ್ತರಿಸಿ, ಟೇಪು ಸುತ್ತಿ, ಹತ್ತೊಂಬತ್ತು ಮಂದಿಗೆ ಎಡದಂಡೆಯನ್ನು ಮಾತ್ರ ತೋರಿಸಿ ಅಭಿಪ್ರಾಯ ಕೇಳಿದ್ದೆ.

ಮೈಕ್‌ಸೆಟ್ಟಿನವರು ಹೀಗೇಕೆ ಮಾಡುತ್ತೇವೆಂದರೆ, ಚಪ್ಪರದ ಆ ತುದಿಯ ಹಾರ್ನಿನಲ್ಲಿಯೂ ಈ ತುದಿಯ ಹಾರ್ನಿನಲ್ಲಿಯೂ ಒಂದೇ ಸದ್ದು ಬರಬೇಕು. ಇಲ್ಲದಿದ್ದರೆ ಊಟಕ್ಕೆ ಕುಳಿತ ಒಂದು ಪಂಕ್ತಿಗೆ ತಬಲ, ಇನ್ನೊಂದು ಪಂಕ್ತಿಗೆ ಹಾಡು ಬಡಿಸಿದಂತಾಗುತ್ತದೆ. ನನ್ನ ಗುರುಗಳು ಒಂದು ತಲೆಯನ್ನು ಕತ್ತರಿಸಲು ಕಲಿಸಿದ್ದರು. ಎರಡನ್ನೂ ಕೂಡಿಸಿ ಕೊಡಬಹುದಲ್ಲ ಎಂದರೆ ಡಬ್ಬ ಸುಟ್ಟುಹೋಗುತ್ತದೆ ಎಂದಿದ್ದರು. ಹಳೆಯ ಹಾಡುಗಳಲ್ಲಿ ಎರಡು ತಲೆಯಲ್ಲಿಯೂ ಇರುತ್ತಿದ್ದುದು ಒಂದೇ ಸದ್ದಾದ್ದರಿಂದ ನಷ್ಟವೇನೂ ಆಗುತ್ತಿರಲಿಲ್ಲ.

ಇದನ್ನೆಲ್ಲ ನಾನು ಅಂದು ಪುಟ್ಟಲಕ್ಷ್ಮಿಗೆ ಹೇಳಿದೆನೆ? ಇಲ್ಲ. “ಡಬ್ಬ ಕೈಕೊಟ್ಟಿರಬೇಕು,” ಎಂದೆ. ಎಪ್ಪತ್ತನಾಲ್ಕು ವರ್ಷ ಜೋಪಾನ ಮಾಡಿದ ಹೆಸರು, ಬಾಯಿ ತಾನಾಗಿಯೇ ಹಾಗೆಂದಿತು. ಆಕೆಗೆ ಅಷ್ಟೇ ಸಾಕಾಯಿತು. ಮುಖ ಅರಳಿ, ಅಲ್ಲಿಯೇ ತಾಯಿಗೆ ಫೋನು ಮಾಡಿದಳು. ಎಲ್ಲರಿಗೂ ಕೇಳಿಸುವಂತೆ ಫೋನನ್ನು ಮೇಜಿನ ಮೇಲಿಟ್ಟಳು, ಇಡದಿದ್ದರೆ ಚೆನ್ನಾಗಿತ್ತು.

“ಕೇಳ್ದೆ ಬುಡವ್ವ,” ಎಂದಿತು ಫೋನು, ಹಲೋ ಎನ್ನುವುದಕ್ಕೂ ಮುಂಚೆ.

“ಎಲ್ ಕೇಳ್ದೆ?”

“ಬಾನುವಾರ ಕೇಳುಸ್ತಾರೆ ಅಂತ ನೀನೇ ಯೋಳಿದ್ದಲ್ಲ, ಮದ್ದೂರ್ಗೆ ಬಂದಿದ್ದೆ. ಬಾಗ್ಲತ್ರ ಕುಂತು ಕೇಳ್ದೆ. ನನ್ ದನಿ ಬ್ಯಾಡ ಅಂದ್ರೆ ಮೊಕ ಕೊಟ್ಟು ಯೋಳ್ಬೇಕಿತ್ತು ಕಣೆ, ಊರೋರ್ ಮುಂದೆ ಕುಂಡ್ರುಸಿ ಕೇಳುಸ್ಬಾರ್ದಾಗಿತ್ತು.”

“ಅವ್ವಾ, ಅದು ಡಬ್ಬ ಕೆಟ್ಟೋಗಿತ್ತಂತೆ ಕಣವ್ವ! ಮೈಕ್‌ಸೆಟ್ ಅಣ್ಣಾರೇ ಯೋಳ್ತಾವ್ರೆ!”

“ಡಬ್ಬ ಕೆಟ್ರೆ ನಿನ್ ದನೀನೂ ಕೆಡ್ಬೇಕಿತ್ತು. ಗಿಟಾರೂ ಕೆಡ್ಬೇಕಿತ್ತು. ನಂದೊಂದೇ ಉಡ್ಕೊಂಡು ಕೆಡ್ತಾ?”

ಫೋನು ನಿಂತಿತು. ಪುಟ್ಟಲಕ್ಷ್ಮಿ ನನ್ನ ಮುಖ ನೋಡಿದಳು. ಸಾಧಾರಣ ಜನರ ನಡುವೆ ಅನುಮಾನದ ಮನುಷ್ಯನೆಂದು ಮೆರೆದುಕೊಂಡಿದ್ದ ನಾನು ಅಂದು ನನ್ನನ್ನು ಮೀರಿಸಿದವರ ಧ್ವನಿಯನ್ನು ಕೇಳಿದ್ದೆ. ಕತ್ತರಿಸಿದ ಕೆಂಪು ತಲೆಯನ್ನು ಕಸದ ಬುಟ್ಟಿಯಿಂದ ತೆಗೆದು ಮೇಜಿನ ಮೇಲಿಟ್ಟೆ. ಸಿದ್ದರಾಜುವಿಗೆ ಮೊದಲು ಅರ್ಥವಾಯಿತು.

“ಅಯ್ಯೋ ಸಿವ್ನೆ,” ಎಂದ.

“ನಾಳೆ ಬೆಳಿಗ್ಗೆ ನಾನೇ ಹೋಗಿ ಹೇಳುತ್ತೇನೆ,” ಎಂದೆ. ಪುಟ್ಟಲಕ್ಷ್ಮಿ ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ.

ಮರುದಿನ ಎರಡು ಡಬ್ಬಗಳನ್ನು ಹೊತ್ತುಕೊಂಡು ಮೂವರೂ ಮಳವಳ್ಳಿಯ ಬಸ್ಸು ಹತ್ತಿದೆವು. ಅಷ್ಟರಲ್ಲಿ ನಂಜುಂಡಯ್ಯನವರು ಮೊಬೈಲಿನ ಸಾಹಿತ್ಯ ಗುಂಪೊಂದರಲ್ಲಿ ‘ಎದುರು ದಂಡೆ’ಯ ಮೌನವನ್ನು ಕುರಿತು ದೀರ್ಘವಾಗಿ ಬರೆದುಬಿಟ್ಟಿದ್ದರು. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಪರಿಚಯದ ಮೇಷ್ಟರೊಬ್ಬರು, “ಅದೇನೋ ಉತ್ತರವೇ ಇಲ್ಲದ ಆಲ್ಬಮ್ಮಂತಲ್ಲ, ಬಹಳ ಗಂಭೀರವಂತೆ,” ಎಂದು ನನಗೇ ವಿವರಿಸಿದರು. ಕೇಳಿದಿರಾ ಎಂದರೆ, “ಕೇಳಿದ ಹಾಗೆಯೇ,” ಎಂದರು. ನಂಜುಂಡಯ್ಯನವರಿಗೆ ನಾನು ಮುಂದೆ ಎಲ್ಲವನ್ನೂ ತಿಳಿಸಿ ಕ್ಷಮೆ ಕೋರಿದೆ. ಅವರು ಪೂರ್ತಿ ಆಲ್ಬಮ್ಮನ್ನು ಕೇಳಿ, ಒಂದು ವಾರ ಯೋಚಿಸಿ, ತಮಗೆ ಈಗಲೂ ಅರ್ಧದ್ದೇ ಹೆಚ್ಚು ಹಿಡಿಸುತ್ತದೆ, ತಾಯಿ ಉತ್ತರ ಕೊಡುವುದರಿಂದ ಆಧುನಿಕತೆಗೆ ಭಂಗ ಬಂದಿದೆ ಎಂದರು. ಆ ಸ್ಥೈರ್ಯವನ್ನು ನಾನು ಮೆಚ್ಚುತ್ತೇನೆ. ನನ್ನ ಜಾತಿಯ ಮನುಷ್ಯ.

ಚಿಕ್ಕತಾಯಮ್ಮ ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ನಮ್ಮನ್ನು ನೋಡಿಯೂ ಮೊರವನ್ನು ನಿಲ್ಲಿಸಲಿಲ್ಲ. ಮಗಳು ಬಾಯಿ ತೆರೆಯುವ ಮುನ್ನ ನಾನೇ ಮುಂದೆ ಹೋಗಿ ನಿಂತೆ.

“ಅಮ್ಮ, ಡಬ್ಬ ಕೆಟ್ಟಿರಲಿಲ್ಲ. ನಿಮ್ಮ ಮಗಳು ನಿಮ್ಮ ಧ್ವನಿಯನ್ನು ತೆಗೆದಿರಲಿಲ್ಲ. ಅದು ಬರುವ ತಂತಿಯನ್ನು ನಾನು ಕತ್ತರಿಸಿದ್ದೆ.”

“ಯಾಕ್ ಕತ್ರುಸುದ್ರಿ?”

“ನಲವತ್ತು ವರ್ಷದ ಅಭ್ಯಾಸ. ಎರಡನ್ನೂ ಸೇರಿಸಿದರೆ ಡಬ್ಬ ಸುಟ್ಟುಹೋಗುತ್ತದೆ ಎಂದು ನಮ್ಮ ಗುರುಗಳು ಹೇಳಿದ್ದರು.”

“ಸುಡ್ತಾ?”

“ನೋಡಲಿಲ್ಲ.”

ಮೊರ ನಿಂತಿತು. “ನಲ್ವತ್ ವರ್ಸದಲ್ಲಿ ಒಂದ್ಸಲಾನೂ?”

“ಇಲ್ಲ.”

ಸಿದ್ದರಾಜು ಮುಖವನ್ನು ಬೇರೆ ಕಡೆ ತಿರುಗಿಸಿದ. ಅವನ ಹೆಗಲು ಕುಣಿಯುತ್ತಿತ್ತು. ಚಿಕ್ಕತಾಯಮ್ಮ ನಗಲಿಲ್ಲ. “ನಾನ್ ಯೋಳಿದ್ದ ಬರ್ಕೊಂಡ್ರಲ್ಲ, ಅದ್ನಾರ ಇವ್ಳು ಓದುದ್ರೆ ತಿಳೀತಿತ್ತಲ್ಲ?”

ನಾನು ಬರೆದದ್ದೇನೆಂಬುದನ್ನೂ ಹೇಳಬೇಕಾಯಿತು. ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಓದ್ದೋರು,” ಎಂದರು. ಯಾರೂ ಜೀವಮಾನದಲ್ಲಿ ನನ್ನನ್ನು ಅಷ್ಟು ಚೆನ್ನಾಗಿ ಬೈದಿರಲಿಲ್ಲ.

ಜಗಲಿಯ ಎರಡು ತುದಿಗೆ ಎರಡು ಡಬ್ಬಗಳನ್ನಿಟ್ಟು ಹೊಸ ತಂತಿಯೊಂದರ ಎರಡೂ ತಲೆಗಳನ್ನು ಸಿಕ್ಕಿಸಿದೆ. ಚಿಕ್ಕತಾಯಮ್ಮ ನಡುವೆ ಕಂಬಕ್ಕೆ ಒರಗಿ ಕುಳಿತರು. ಮೊದಲ ಹಾಡು ಆಯಿತು. ತಮ್ಮ ಧ್ವನಿ ಬಂದಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಅಷ್ಟೇ. ಎರಡನೆಯ ಹಾಡೂ ಆಯಿತು. ಪುಟ್ಟಲಕ್ಷ್ಮಿ ತಾಯಿಯ ಮುಖ ನೋಡಲಾರದೆ ಹುರುಳಿಯಲ್ಲಿ ಕಲ್ಲು ಹುಡುಕುತ್ತಿದ್ದಳು. ಮೂರನೆಯದರ ನಡುವೆ ಚಿಕ್ಕತಾಯಮ್ಮ ಕೈಯೆತ್ತಿದರು.

“ನಿಲ್ಸಿ ಅದ.”

ನಿಲ್ಲಿಸಿದೆ. ಇಷ್ಟಾದ ಮೇಲೂ ಬೇಡವೆಂದುಬಿಟ್ಟರೆ ಏನು ಗತಿ ಎಂದುಕೊಂಡೆ.

“ಇಲ್ಲಿ ತಡ ಮಾಡಿವ್ನಿ,” ಎಂದರು. “ಕೇಳೋಳು ಕೇಳಿ ಮುಗುಸ್ಬುಟ್ಟವ್ಳೆ, ನಾನು ಆಮ್ಯಾಕೆ ನಿದ್ದೆಯಿಂದ ಎದ್ದೋಳಂಗೆ ಸುರು ಮಾಡಿವ್ನಿ. ಇಂಗೆ ಆಡುದ್ರೆ ಚಪ್ಪರ್ದಲ್ಲಿ ನಗ್ತಾರೆ. ಇದ ಇನ್ನೊಂದ್ ಕಿತ ಆಡ್ಬೇಕು.”

“ಸುಕ್ರವಾರ ಬಿಡುಗಡೆ ಕಣವ್ವ,” ಎಂದ ಸಿದ್ದರಾಜು ಮೆಲ್ಲಗೆ.

“ಸುಕ್ರವಾರ್ವೇ ಬುಡಕ್ಕೆ ಇದೇನ್ ನಾಲೆ ನೀರೇನ್ಲಾ, ಮುಂದ್ಲು ವಾರ ಬುಡು. ಇನ್ನೊಂದು. ನಿನ್ ಗಿಟಾರ ಒಸಿ ತಗ್ಗುಸು. ನನ್ ಮಾತಿನ್ ಮ್ಯಾಲೆ ಕುಂತ್ಕಂಡ್ ಬುಡ್ತದೆ.”

ಈ ಧ್ವನಿ ಗಿಟಾರಿನ ಜತೆ ಕೂಡುವುದಿಲ್ಲವೆಂದು ತಿಂಗಳುಗಟ್ಟಲೆ ಜಗಳವಾಡಿದ್ದ ಸಿದ್ದರಾಜು ನನ್ನತ್ತ ಒಮ್ಮೆ, ಪುಟ್ಟಲಕ್ಷ್ಮಿಯತ್ತ ಒಮ್ಮೆ ನೋಡಿದ. ಆಮೇಲೆ ಹಾಲಿನ ಲೋಟಕ್ಕೆ ಮಾಪನ ಇಳಿಬಿಟ್ಟು ನೋಡುವವನ ಮುಖ ಮಾಡಿಕೊಂಡು, “ಎಷ್ಟ್ ತಗ್ಗುಸ್ಬೇಕವ್ವ?” ಎಂದು ಕೇಳಿದ.

“ಆಡ್ತೀನಿ, ನೀನೇ ನೋಡ್ಕೊ. ಏಯ್ ಪುಟ್ಟಿ, ಆ ಉರುಳಿ ಬುಟ್ಟು ಇತ್ತಾಗ್ ಬಾ. ಕೇಳು.”

ಪುಟ್ಟಲಕ್ಷ್ಮಿ ಎದ್ದು ಬಂದು ತಾಯಿಯ ಎದುರಿಗೆ ಕುಳಿತು ಸಾಲೆತ್ತಿದಳು. ಎರಡನೆಯ ಮಾತಿಗೇ ಅತ್ತುಬಿಟ್ಟಳು.

“ಅಳೋದ ಆಮ್ಯಾಕೆ ಇಟ್ಕೊ,” ಎಂದರು ಚಿಕ್ಕತಾಯಮ್ಮ. “ಸರ್ಯಾಗ್ ಕೇಳು ಮೊದ್ಲು.”

ಆಕೆ ಮೂಗು ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮತ್ತೆ ಕೇಳಿದಳು. ಸಾಲು ಮುಗಿಯಲು ಇನ್ನೂ ಎರಡಕ್ಷರ ಇರುವಾಗಲೇ ಅವ್ವ ಉತ್ತರ ಎತ್ತಿಕೊಂಡಿದ್ದಳು.